ಕಿಲ್ಟ್ ಒಳಗೆ ಏನ್ ಹಾಕ್ಕೋಬೇಕು? ತಮಾಷೆ ಪಕ್ಕಕ್ಕಿಡಿ, ಕಂಫರ್ಟ್ ನೋಡಿ

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ)

ಇವತ್ತಿನ ವಿಷಯ ಕೇಳಿ ಕೆಲವರಿಗೆ ನಗು ಬರುತ್ತೆ, ಬರಲಿ. ಆದರೆ ಕೊನೆವರೆಗೂ ಕೇಳಿ, ಯಾಕಂದ್ರೆ ಇದು ಚರ್ಮದ ವಿಷಯ, ಮರ್ಯಾದೆಯ ವಿಷಯವೂ ಹೌದು.

ನೀವು ಗ್ಲಾಸ್ಗೋದಲ್ಲೋ ಎಡಿನ್‌ಬರೋದಲ್ಲೋ ಮಾಸ್ಟರ್ಸ್ ಓದ್ತಿದ್ದೀರ ಅಂದ್ಕೊಳ್ಳಿ. ಕ್ಲಾಸ್‌ಮೇಟ್ ಮದುವೆಗೆ ಕರೆದಿದ್ದಾನೆ, ‘ಕಿಲ್ಟ್ ಹಾಕ್ಕೊಂಡು ಬಾ’ ಅಂದಿದ್ದಾನೆ. ಅಂಗಡಿಯಿಂದ ಒಂದು ಕಿಲ್ಟ್ ಬಾಡಿಗೆಗೆ ತಂದಿದ್ದೂ ಆಯ್ತು. ಆಗ ಯಾರೋ ಕಿವಿಯಲ್ಲಿ ಹೇಳ್ತಾರೆ: ‘ನಿಜವಾದ ಸ್ಕಾಟ್ಸ್‌ಮನ್ ಒಳಗೆ ಏನೂ ಹಾಕಲ್ಲ, ಗೊತ್ತಲ್ಲ?’ ಈಗ ಏನ್ ಮಾಡ್ತೀರಿ?

ಮೊದಲು ಈ ಮಾತು ಎಲ್ಲಿಂದ ಬಂತು ಅಂತ ನೋಡೋಣ. ಒಳಗೆ ಏನೂ ಹಾಕದಿರೋದು ಹೈಲ್ಯಾಂಡ್ ಸೈನಿಕರ ಜೊತೆ ಸೇರಿಕೊಂಡಿರೋ ಪದ್ಧತಿ. ಇಂಗ್ಲಿಷಲ್ಲಿ ಇದನ್ನ ‘ರೆಜಿಮೆಂಟಲ್’ ಅಂತ ಕರೆಯೋದೂ ಅದಕ್ಕೇ. 1997ರಲ್ಲಿ ಹಾಂಗ್‌ಕಾಂಗ್ ಅನ್ನು ಚೀನಾಕ್ಕೆ ಹಸ್ತಾಂತರಿಸೋ ಹೊತ್ತಲ್ಲಿ ಜೋರು ಗಾಳಿ ಬೀಸಿ, ಬ್ಲ್ಯಾಕ್ ವಾಚ್ ಪಡೆಯ ಸೈನಿಕನೊಬ್ಬನ ಕಿಲ್ಟ್ ಹಿಂದಿನಿಂದ ಎದ್ದುಬಿಟ್ಟಿತ್ತು. ಆ ಫೋಟೊ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ‘ಒಳಗೆ ಏನಿರುತ್ತೆ’ ಅನ್ನೋ ಪ್ರಶ್ನೆಗೆ ಅವತ್ತು ಉತ್ತರ ಸಿಕ್ಕಿತ್ತು.

ಆದರೆ ಇತಿಹಾಸದಲ್ಲಿ ಇನ್ನೊಂದು ಮುಖವೂ ಇದೆ. 1822ರಲ್ಲಿ ರಾಜ ನಾಲ್ಕನೇ ಜಾರ್ಜ್ ಎಡಿನ್‌ಬರೋಗೆ ಬಂದಾಗ ಕಿಲ್ಟ್ ಹಾಕಿದ್ದ, ಅದರ ಒಳಗೆ ಮೈಬಣ್ಣದ ಟೈಟ್ಸ್ ಇತ್ತು! ಜನ ನಕ್ಕರು, ಅದು ಬೇರೆ ಮಾತು. ಮೊದಲ ಮಹಾಯುದ್ಧದಲ್ಲಂತೂ ಇದು ನಗುವ ವಿಷಯವೇ ಆಗಿರಲಿಲ್ಲ. 1917ರಲ್ಲಿ ಬಂದ ಸಾಸಿವೆ ಅನಿಲ ಬೆವರಿದ, ತೇವ ಇರೋ ಚರ್ಮವನ್ನೇ ಹೆಚ್ಚು ಸುಡುತ್ತಿತ್ತು. ಕಿಲ್ಟ್ ಹಾಕಿದವರ ಕಾಲು, ತೊಡೆಗೆ ಅದರಿಂದ ರಕ್ಷಣೆ ಇರಲಿಲ್ಲ. ನೆರಿಗೆಗಳಲ್ಲಿ ಹೇನು ಬೇರೆ ಸೇರಿಕೊಳ್ತಿದ್ದವು. ಇವತ್ತಿಗೂ ಹೈಲ್ಯಾಂಡ್ ಡ್ಯಾನ್ಸ್ ಸ್ಪರ್ಧೆಯಲ್ಲಿ ಕುಣಿಯೋರು, ಹೈಲ್ಯಾಂಡ್ ಗೇಮ್ಸ್‌ನಲ್ಲಿ ಮರದ ದಿಮ್ಮಿ ಎಸೆಯೋರು ಒಳಗೆ ಶಾರ್ಟ್ಸ್ ಹಾಕಿರ್ತಾರೆ. 2010ರಲ್ಲಿ ಸ್ಕಾಟಿಷ್ ಟಾರ್ಟನ್ಸ್ ಅಥಾರಿಟಿ ಕಡೆಯಿಂದಲೇ ‘ಏನೂ ಹಾಕದಿರೋದು ಹುಡುಗಾಟ, ನೈರ್ಮಲ್ಯಕ್ಕೂ ಒಳ್ಳೇದಲ್ಲ’ ಅನ್ನೋ ಅರ್ಥದ ಮಾತು ಬಂದಾಗ ಅಲ್ಲಿ ದೊಡ್ಡ ಚರ್ಚೆಯೇ ಆಯ್ತು. ಅಂದ್ರೆ ಸ್ಕಾಟ್ಲೆಂಡ್‌ನವರಲ್ಲೇ ಒಮ್ಮತ ಇಲ್ಲ. ಹಾಗಾಗಿ ನೀವು ಚಡ್ಡಿ ಹಾಕಿದ್ರೆ ಸಂಪ್ರದಾಯ ಮುರಿದುಬೀಳಲ್ಲ.

ಈಗ ಬಟ್ಟೆ ವಿಷಯ. ಕಿಲ್ಟ್ ಹೇಗಿರುತ್ತೆ ಅಂತ ಗೊತ್ತಾದ್ರೆ ಒಳಗೆ ಏನು ಬೇಕು ಅನ್ನೋದು ತಾನಾಗೇ ಗೊತ್ತಾಗುತ್ತೆ. ಸಾಂಪ್ರದಾಯಿಕ ಕಿಲ್ಟ್‌ಗೆ ಸುಮಾರು 8 ಗಜ, ಅಂದ್ರೆ 7 ಮೀಟರ್‌ಗೂ ಹೆಚ್ಚು ಉಣ್ಣೆ ಬಟ್ಟೆ ಬೇಕು. ತೂಕ ಸುಮಾರು 2 ಕೆಜಿ ಬರಬಹುದು. ನಮ್ಮ ಪಂಚೆಗೆ ನೆರಿಗೆ ಮುಂದೆ, ಕಿಲ್ಟ್‌ಗೆ ನೆರಿಗೆ ಹಿಂದೆ. ಪಂಚೆಯನ್ನ ಒಗೆದು ಬಿಸಿಲಿಗೆ ಹಾಕಿದ್ರೆ ಮುಗೀತು, ಉಣ್ಣೆ ಕಿಲ್ಟ್‌ಗೆ ಸಾಮಾನ್ಯವಾಗಿ ಡ್ರೈಕ್ಲೀನಿಂಗೇ ಗತಿ. ಪ್ರತಿ ಸಲ ಹಾಕಿದ ಮೇಲೂ ಯಾರೂ ಅದನ್ನ ಒಗೆಯಲ್ಲ. ಬಾಡಿಗೆ ಕಿಲ್ಟ್ ಆದ್ರೆ ನಿಮಗಿಂತ ಮೊದಲು ಎಷ್ಟು ಜನ ಹಾಕಿದ್ದಾರೋ, ನಿಮ್ಮ ನಂತರ ಇನ್ನೆಷ್ಟು ಜನ ಹಾಕ್ತಾರೋ! ಒಳಉಡುಪು ನಿಮ್ಮನ್ನೂ ಕಾಪಾಡುತ್ತೆ, ಮುಂದೆ ಹಾಕೋರನ್ನೂ ಕಾಪಾಡುತ್ತೆ. ನಮ್ಮ ಅಜ್ಜಂದಿರು ಪಂಚೆ ಒಳಗೆ ಪಟ್ಟಾಪಟ್ಟಿ ಚಡ್ಡಿ ಹಾಕ್ತಿದ್ದದ್ದು ಸುಮ್ಮನೆ ಅಲ್ಲ.

ಸರಿ, ಯಾವುದನ್ನ ಆರಿಸ್ಕೋಬೇಕು? ನಾಲ್ಕು ವಿಷಯ ನೋಡಿ.

ಮೊದಲನೇದು, ಆಕಾರ. ಪ್ಯಾಂಟ್ ಹಾಕಿದಾಗ ಎರಡು ತೊಡೆ ನಡುವೆ ಬಟ್ಟೆ ಇರುತ್ತೆ. ಕಿಲ್ಟ್‌ನಲ್ಲಿ ಇರಲ್ಲ, ನಡೆದಾಗೆಲ್ಲ ತೊಡೆಗೆ ತೊಡೆ ಉಜ್ಜುತ್ತೆ. ಒಂದು ಗಂಟೆ ಏನೂ ಗೊತ್ತಾಗಲ್ಲ, ನಾಲ್ಕು ಗಂಟೆ ಕುಣಿದ ಮೇಲೆ ಉರಿ ಶುರು. ಚಿಕ್ಕ ಬ್ರೀಫ್ಸ್ ಇದನ್ನ ತಡೆಯಲ್ಲ. ಸಡಿಲ ಬಾಕ್ಸರ್ ಮೇಲಕ್ಕೆ ಸರಿದು ಸಂದಿನಲ್ಲಿ ಮುದ್ದೆಯಾಗುತ್ತೆ. ಬಹಳ ಜನಕ್ಕೆ ಸರಿಹೋಗೋದು ಬಾಕ್ಸರ್ ಬ್ರೀಫ್ಸ್, ಅಂದ್ರೆ ಮೈಗೆ ಅಂಟಿಕೊಂಡು ತೊಡೆಯ ಅರ್ಧದವರೆಗೆ ಬರೋದು. ಕಿಲ್ಟ್‌ನ ಅಂಚು ಮಂಡಿಚಿಪ್ಪಿನ ಹತ್ತಿರ ನಿಲ್ಲುತ್ತೆ, ಹಾಗಾಗಿ ಇಷ್ಟು ಉದ್ದ ಇದ್ರೂ ಹೊರಗೆ ಕಾಣಲ್ಲ. ಹುಡುಗೀರು ಕಿಲ್ಟ್ ಹಾಕಿದ್ರೂ ಇದೇ ಲೆಕ್ಕ, ತೆಳ್ಳಗಿನ ಸೈಕ್ಲಿಂಗ್ ಶಾರ್ಟ್ಸ್ ಆಗುತ್ತೆ.

ಎರಡನೇದು, ಬಟ್ಟೆ. ಹತ್ತಿ ಮೆತ್ತಗಿರುತ್ತೆ, ಬೆವರನ್ನ ಹೀರುತ್ತೆ, ಆದರೆ ಒಣಗೋದು ನಿಧಾನ. ಸುಮ್ಮನೆ ಫೋಟೊ ತೆಗೆಸಿಕೊಂಡು ಊಟಕ್ಕೆ ಕೂರೋ ಮದುವೆಗೆ ಹತ್ತಿ ಸಾಕು. ರಾತ್ರಿಯೆಲ್ಲ ಕುಣಿಯೋ ಪ್ಲ್ಯಾನ್ ಇದ್ರೆ ಬೇಗ ಒಣಗೋ ಸ್ಪೋರ್ಟ್ಸ್ ಬಟ್ಟೆ, ಇಲ್ಲಾಂದ್ರೆ ಸಣ್ಣ ಎಳೆಯ ಮೆರಿನೋ ಉಣ್ಣೆ ಒಳ್ಳೇದು. ತೇವ ನಿಂತರೆ ತುರಿಕೆ, ಗಜಕರ್ಣ ಬರೋ ಸಾಧ್ಯತೆ ಹೆಚ್ಚು. ಹೊಲಿಗೆಯನ್ನೂ ಬೆರಳಲ್ಲಿ ಮುಟ್ಟಿ ನೋಡಿ, ಚಪ್ಪಟೆಯಾಗಿರಬೇಕು. ಉಬ್ಬಿದ ಹೊಲಿಗೆ ತೊಡೆ ಒಳಭಾಗಕ್ಕೆ ಬಂದ್ರೆ ಕಷ್ಟ.

ಮೂರನೇದನ್ನ ಬಹಳಷ್ಟು ಜನ ಮರೀತಾರೆ: ಸೊಂಟದ ಪಟ್ಟಿ. ಕಿಲ್ಟ್ ಕಟ್ಟೋದು ಜೀನ್ಸ್ ಥರ ಕೆಳಗಲ್ಲ, ಹೊಕ್ಕಳ ಹತ್ತಿರ, ಚರ್ಮದ ಬಕಲ್‌ಗಳಿಂದ ಬಿಗಿಯಾಗಿ. ಚಡ್ಡಿಯ ಎಲಾಸ್ಟಿಕ್ಕೂ ಅಲ್ಲೇ ಕೂತರೆ ಬಿಗಿ ಮೇಲೆ ಬಿಗಿ. ಊಟ ಆದ ಮೇಲೆ ಉಸಿರಾಡೋದೇ ಕಷ್ಟ ಅನ್ಸುತ್ತೆ. ಹಾಗಾಗಿ ಎಲಾಸ್ಟಿಕ್ ಸೊಂಟದ ಮೂಳೆ ಮೇಲೆ, ಅಂದ್ರೆ ಕಿಲ್ಟ್ ಪಟ್ಟಿಗಿಂತ ಕೆಳಗೆ ಕೂರೋ ಹಾಗಿರಬೇಕು. ಮುಂದೆ ಸ್ಪೋರನ್ ಅನ್ನೋ ಚೀಲವೂ ತೂಗಾಡ್ತಿರುತ್ತೆ. ಅದರಲ್ಲಿ ಫೋನು, ಪರ್ಸು ತುಂಬಿದ್ರೆ ಹೆಜ್ಜೆಹೆಜ್ಜೆಗೂ ಮುಂದೆ ತಟ್ಟುತ್ತೆ. ಒಳಗೆ ಸ್ವಲ್ಪ ಆಧಾರ ಇದ್ರೆ ಒಳ್ಳೇದು ಅನ್ನೋದನ್ನ ನಾನು ಬಿಡಿಸಿ ಹೇಳಬೇಕಿಲ್ಲ.

ನಾಲ್ಕನೇದು, ಬಣ್ಣ. ಕಪ್ಪು, ಕಡು ನೀಲಿ, ಕಡು ಹಸಿರು, ಹೀಗೆ ಟಾರ್ಟನ್ ಚೌಕಳಿಯ ಗಾಢ ಬಣ್ಣಕ್ಕೆ ಹೊಂದೋದು. ಕೇಯ್ಲಿ ಅನ್ನೋ ಗುಂಪು ಕುಣಿತದಲ್ಲಿ ಜೋಡಿಗಳು ಕೈ ಹಿಡಿದು ಗಿರಗಿರ ತಿರುಗ್ತಾರೆ, ಆಗ ಹಿಂದಿನ ನೆರಿಗೆ ಛತ್ರಿ ಥರ ಬಿಚ್ಚಿಕೊಳ್ಳುತ್ತೆ. ಗಾಢ ಬಣ್ಣ ಆದ್ರೆ ಯಾರ ಗಮನಕ್ಕೂ ಬರಲ್ಲ.

ಹಿಂದಿನ ದಿನ ಮನೆಯಲ್ಲೇ ಒಂದು ಟ್ರಯಲ್ ಮಾಡಿ. ಮೆಟ್ಟಿಲು ಹತ್ತಿ ಇಳೀರಿ, ಎರಡು ಸುತ್ತು ತಿರುಗಿ, ಕುರ್ಚಿ ಮೇಲೆ ಕೂತು ನೋಡಿ. ಕೂರೋವಾಗ ಹಿಂದಿನ ನೆರಿಗೆಯನ್ನ ಕೈಯಿಂದ ಕೆಳಕ್ಕೆ ಸವರಿ ಕೂರಿ, ಮಂಡಿ ಹತ್ತಿರ ಇಟ್ಕೊಳ್ಳಿ, ಸ್ಪೋರನ್ ತೊಡೆ ನಡುವೆ ಬಿಡಿ. ತೊಡೆ ಉಜ್ಜೋ ಜಾಗಕ್ಕೆ ಸ್ವಲ್ಪ ಪೆಟ್ರೋಲಿಯಂ ಜೆಲ್ಲಿ ಸವರಿದ್ರೆ ಇನ್ನೂ ಆರಾಮ. ಇಷ್ಟು ಮಾಡಿದಾಗ ಎಲ್ಲಿ ಚುಚ್ಚುತ್ತೋ ಅದೇ ಜಾಗ ಮದುವೆ ದಿನ ಗಾಯ ಆಗುತ್ತೆ. ಹಾಗಿದ್ರೆ ಬೇರೆ ಚಡ್ಡಿ ಹುಡುಕಿ.

ಕೊನೇದಾಗಿ ಒಂದು ಗಂಭೀರ ಮಾತು. ‘ಒಳಗೆ ಏನಿದೆ ತೋರ್ಸು’ ಅಂತ ಕಿಲ್ಟ್ ಎತ್ತೋದು ಕೆಲವರಿಗೆ ತಮಾಷೆ. ಹಾಕಿದವನಿಗೆ ಅದು ತಮಾಷೆ ಅಲ್ಲ. 2017ರಲ್ಲಿ ಇನ್ವರ್ನೆಸ್‌ನ ಒಂದು ಬಾರ್‌ನಲ್ಲಿ ಗಿರಾಕಿಗಳ ಈ ಕಾಟಕ್ಕೇ ಸಿಬ್ಬಂದಿ ಕಿಲ್ಟ್ ಹಾಕೋದನ್ನ ಬಿಟ್ಟರು. ಕಾಟ ಕೊಡ್ತಿದ್ದವರು ಹೆಂಗಸರು, ಅನುಭವಿಸಿದವರು ಗಂಡಸರು. ಹುಡುಗ ಅಂದ ಮಾತ್ರಕ್ಕೆ ಮುಜುಗರ ಆಗಲ್ವಾ? ಸ್ಕಾಟ್ಲೆಂಡ್‌ನಲ್ಲಿ ಅನುಮತಿ ಇಲ್ಲದೆ ಬಟ್ಟೆ ಕೆಳಗೆ ಕ್ಯಾಮೆರಾ ಹಿಡಿಯೋದು 2010ರ ಕಾನೂನಿನಿಂದ ಅಪರಾಧವಾಗಿದೆ. ಅದು ಸ್ಕರ್ಟ್‌ಗೆ ಎಷ್ಟೋ ಕಿಲ್ಟ್‌ಗೂ ಅಷ್ಟೇ.

ಹಾಗಾಗಿ ಯಾರಾದ್ರೂ ‘ಒಳಗೆ ಏನು?’ ಅಂತ ಕೇಳಿದ್ರೆ ‘ಬೂಟು, ಕಾಲ್ಚೀಲ’ ಅಂತ ಹೇಳಿ ನಕ್ಕು ಮುಂದೆ ಹೋಗಿ. ಏನು ಹಾಕ್ಕೋಬೇಕು ಅನ್ನೋದೂ ನಿಮ್ಮದು, ಯಾರಿಗೆ ಹೇಳಬೇಕು ಅನ್ನೋದೂ ನಿಮ್ಮದು. ಮದುವೆಗೆ ಹೋಗಿ, ಹೊಟ್ಟೆ ತುಂಬ ತಿನ್ನಿ, ಕಾಲು ನೋಯೋವರೆಗೂ ಕುಣೀರಿ. ಮಾರನೇ ದಿನ ಬೆಳಿಗ್ಗೆ ಕಾಲು ನೋವು ಮಾತ್ರ ಇದ್ದು ತೊಡೆ ಉರಿ ಇಲ್ಲ ಅಂದ್ರೆ, ನೀವು ಸರಿಯಾದ ಚಡ್ಡಿನೇ ಆರಿಸಿದ್ದೀರಿ ಅಂತ ಅರ್ಥ.

ಈ ಸಂಚಿಕೆಯನ್ನ ಸ್ಕಾಟ್ಲೆಂಡ್‌ಗೆ ಹೊರಟಿರೋ ಗೆಳೆಯರಿಗೆ ಕಳಿಸಿ.