ದೇವರನ್ನು ಬಿಟ್ಟವರಿಗೂ ಓಣಿ ಬೇಕು

ನಂಬಿಕೆ ಕಳೆದುಕೊಂಡವರಿಗೆ ದೇವರಿಲ್ಲ ಎಂಬ ಕೊರಗು ದಿನವೂ ಇರುವುದಿಲ್ಲ. ಅದು ಕಾಡುವುದು ಮನೆಯಲ್ಲಿ ಸಾವಾದಾಗ. ಗದಗ ಜಿಲ್ಲೆಯ ಮುಳಗುಂದದ ಸುತ್ತಿನ ಹಳ್ಳಿಗಳಲ್ಲಿ ಹೆಣದ ಮುಂದೆ ಬೆಳಗಾಗುವ ತನಕ ಭಜನೆ ನಡೆಯುತ್ತದೆ. ತಾಳ, ಹಾರ್ಮೋನಿಯಂ ಹಿಡಿದು ಓಣಿಯವರೇ ಕೂತಿರುತ್ತಾರೆ. ಒಲೆ ಹಚ್ಚದ ಮನೆಗೆ ನೆರೆಯವರ ರೊಟ್ಟಿ, ಪಲ್ಯ ಬರುತ್ತದೆ. ಮುಂದೇನು ಮಾಡುವುದೆಂದು ದುಃಖದಲ್ಲಿದ್ದವರು ಯೋಚಿಸಬೇಕಾಗಿಲ್ಲ. ಧರ್ಮ ಬಿಟ್ಟವರಿಗೆ ಈ ಆಸರೆಯೂ ತಪ್ಪುವ ಭಯವಿದೆ. ದೇವರಿಲ್ಲವೆಂದು ಎಷ್ಟೇ ಚೆನ್ನಾಗಿ ವಾದಿಸಿದರೂ ಆ ಜಾಗ ತುಂಬುವುದಿಲ್ಲ. ಅದಕ್ಕೆ ಬೇರೆಯದೇ ಏರ್ಪಾಡು ಬೇಕು.

ಅಂಥ ಏರ್ಪಾಡಿಗೆ ಸೃಷ್ಟಿಕರ್ತನ ಮೇಲಿನ ನಂಬಿಕೆ ಅನಿವಾರ್ಯವಲ್ಲ ಎನ್ನಲು ಮುಳಗುಂದವೇ ಸಾಕ್ಷಿ. ರಾಷ್ಟ್ರಕೂಟ ದೊರೆ ಇಮ್ಮಡಿ ಕೃಷ್ಣನ ಆಳ್ವಿಕೆಯ, ಕ್ರಿ.ಶ. 902ರ ಇಲ್ಲಿನ ಶಾಸನ ವರ್ತಕ ಮನೆತನವೊಂದು ಜೈನ ಬಸದಿ ಕಟ್ಟಿಸಿ ಭೂಮಿ ಬಿಟ್ಟದ್ದನ್ನು ಹೇಳುತ್ತದೆ. ಜೈನ ಕವಿ ನಯಸೇನ 1112ರಲ್ಲಿ ‘ಧರ್ಮಾಮೃತ’ ಬರೆದದ್ದೂ ಇದೇ ಊರಿನಲ್ಲಿ. ಅಹಿಂಸೆ, ಸತ್ಯದಂಥ ವ್ರತಗಳನ್ನು ಅವನು ಜನಸಾಮಾನ್ಯರಿಗೆ ಕಥೆ ಕಟ್ಟಿ ತಿಳಿಸಿದ. ಜಗತ್ತನ್ನು ಮಾಡಿದ ದೇವರನ್ನು ಜೈನ ದರ್ಶನ ಒಪ್ಪುವುದಿಲ್ಲ. ಆದರೂ ಆ ಜನರಿಗೆ ನೀತಿಯಿತ್ತು, ದಾನವಿತ್ತು, ಕೂಡಿ ಕೂರುವ ಜಾಗವಿತ್ತು. ಜೈನವೂ ಧರ್ಮವೇ, ಅಲ್ಲಿ ಕರ್ಮ, ಮೋಕ್ಷಗಳಿವೆ ಎಂದು ಆಕ್ಷೇಪಿಸಬಹುದು. ನಿಜವೇ. ಅದನ್ನು ನಾಸ್ತಿಕರ ಪಾಲಿಗೆ ಎಳೆದುಕೊಳ್ಳುವುದು ಅನ್ಯಾಯ. ಆದರೆ ಸಮುದಾಯವನ್ನು ಹಿಡಿದಿಟ್ಟದ್ದರಲ್ಲಿ ಆಚರಣೆ, ಕಥೆ, ಕೊಡುಗೆಗಳ ಪಾಲು ದೊಡ್ಡದೆಂಬುದಂತೂ ಕಾಣುತ್ತದೆ.

ನಮ್ಮ ಕಾಲದಲ್ಲೂ ಇದನ್ನು ಅರಿತವರಿದ್ದರು. ಕುವೆಂಪು ನಾಸ್ತಿಕರಲ್ಲ; ಆದರೂ 1966ರಲ್ಲಿ ಮಗ ತೇಜಸ್ವಿಯ ಮದುವೆಯನ್ನು ಪುರೋಹಿತರಿಲ್ಲದೆ, ಮಂತ್ರ ಮಾಂಗಲ್ಯವೆಂಬ ಸರಳ ವಿಧಿಯಲ್ಲಿ ನಡೆಸಿದರು. ಅವರು ಮದುವೆಯ ಗಾಂಭೀರ್ಯವನ್ನು ಬಿಡಲಿಲ್ಲ, ದುಂದನ್ನು ಬಿಟ್ಟರು. ವಿಚಾರವಾದಿ ಎಚ್. ನರಸಿಂಹಯ್ಯ 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರುಮಾಡಿದರು. ಜನ ವಾರವಾರವೂ ಉಪನ್ಯಾಸಕ್ಕೆ ಸೇರತೊಡಗಿದರು. ಅವರು ಪವಾಡಗಳನ್ನು ಪ್ರಶ್ನಿಸಿದ್ದಕ್ಕೆ ಸಿಕ್ಕಷ್ಟು ಪ್ರಚಾರ ಈ ಕೆಲಸಕ್ಕೆ ಸಿಗಲಿಲ್ಲವೆಂಬುದು ನನ್ನ ಬೇಸರ.

ಸತ್ತವರು ಮತ್ತೆ ಸಿಗುತ್ತಾರೆಂಬ ಭರವಸೆಯನ್ನು ಯಾವ ಸಂಘವೂ ಕೊಡಲಾರದು. ಆ ನಷ್ಟ ನಿಜವಾದದ್ದು, ಅದನ್ನು ಮುಚ್ಚಿಡಬಾರದು. ಹಾಗಿದ್ದರೆ ನಂಬದವನು ಭಜನೆಗೆ ಕೂರುವುದು ಕಪಟವಲ್ಲವೇ? ನನಗೆ ಹಾಗನ್ನಿಸುವುದಿಲ್ಲ. ಶಿಶುನಾಳ ಷರೀಫರ ತತ್ವಪದಕ್ಕೆ ದನಿಗೂಡಿಸುವವನು ನೆರೆಯವನ ದುಃಖಕ್ಕೆ ಜೊತೆಯಾಗುತ್ತಾನೆ, ಅದರಲ್ಲಿ ಸುಳ್ಳಿಲ್ಲ. ತನ್ನ ಸಾವಿಗೆ ಯಾವ ವಿಧಿ ಬೇಕು, ಯಾವುದು ಬೇಡ, ದೇಹದಾನ ಮಾಡಬೇಕೋ ಎಂಬುದನ್ನು ಮಾತ್ರ ಅವನು ಬದುಕಿರುವಾಗಲೇ ಹೆಂಡತಿ ಮಕ್ಕಳ ಜೊತೆ ಮಾತಾಡಿ ಬರೆದಿಡಬೇಕು. ಇಲ್ಲದಿದ್ದರೆ ಹೆಣ ಅಂಗಳದಲ್ಲಿರುವಾಗ ಬಂಧುಗಳ ಜಗಳವನ್ನು ಬಿಡಿಸುವ ಪಾಡು ಹೆಂಡತಿ ಮಕ್ಕಳದಾಗುತ್ತದೆ.