ಕಾರಿನ ಅಲಾಯ್ ಚಕ್ರಗಳಲ್ಲಿ ಬಿರುಕು: ವಾಹನ ಮಾಲೀಕರು ತಿಳಿದಿರಬೇಕಾದ ಅಂಶಗಳು

(ಯಾದಗಿರಿ, ಶಹಾಪುರ ಹಾಗೂ ಸುರಪುರ ತಾಲ್ಲೂಕುಗಳ ವಾಹನ ಮಾಲೀಕರು ಮತ್ತು ಅರ್ಜಿದಾರರ ಮಾಹಿತಿಗಾಗಿ)

ನೋಂದಣಿ ನವೀಕರಣ ಅಥವಾ ಅರ್ಹತಾ ಪತ್ರಕ್ಕಾಗಿ ವಾಹನವನ್ನು ತಪಾಸಣೆಗೆ ಹಾಜರುಪಡಿಸುವ ಮಾಲೀಕರು ಸಾಮಾನ್ಯವಾಗಿ ದೀಪ, ಬ್ರೇಕ್ ಹಾಗೂ ಟೈರುಗಳನ್ನು ಸರಿಪಡಿಸಿಕೊಳ್ಳುತ್ತಾರೆ. ಟೈರನ್ನು ಹೊತ್ತ ಚಕ್ರವನ್ನು ಗಮನಿಸುವುದು ವಿರಳ. ಅಲಾಯ್ ಚಕ್ರದಲ್ಲಿನ ಬಿರುಕು ಹೊರಗೆ ಕಾಣದಂತೆ ಬೆಳೆದು, ವೇಗದಲ್ಲಿರುವಾಗ ಚಕ್ರವೇ ಒಡೆಯಲು ಕಾರಣವಾಗಬಹುದು.

ಬಿರುಕು ಬರಲು ಕಾರಣಗಳು

ಉಕ್ಕಿನ ಚಕ್ರ ಪೆಟ್ಟು ಬಿದ್ದಾಗ ಬಹುತೇಕ ಬಾಗುತ್ತದೆ. ಅಲ್ಯೂಮಿನಿಯಂಗೆ ಸಿಲಿಕಾನ್ ಮುಂತಾದವನ್ನು ಬೆರೆಸಿ ಎರಕ ಹೊಯ್ದ ಅಲಾಯ್ ಚಕ್ರವು ಹಗುರವಾದರೂ ಅಷ್ಟಾಗಿ ಬಾಗದೆ ಬಿರಿಯುತ್ತದೆ. ಜಿಲ್ಲೆಯ ಬಹುಭಾಗ ಎರೆಭೂಮಿ. ಈ ಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವುದರಿಂದ ಅದರ ಮೇಲಿನ ರಸ್ತೆ ಕುಸಿದು ಅಂಚುಗಳು ಒಡೆಯುತ್ತವೆ. ಶಹಾಪುರ, ಸುರಪುರಗಳ ಮೂಲಕ ತಿಂಥಣಿಯ ಕೃಷ್ಣಾ ಸೇತುವೆಯ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 150ಎ ಅಥವಾ ಯಾದಗಿರಿಯ ಮೂಲಕ ಹಾದುಹೋಗುವ ಹೆದ್ದಾರಿ 150ರ ವೇಗದಲ್ಲೇ ಗ್ರಾಮ ರಸ್ತೆಗೆ ಇಳಿದಾಗ, ಗುಂಡಿಯ ಅಂಚಿನ ಪೆಟ್ಟು ಟೈರನ್ನು ದಾಟಿ ನೇರವಾಗಿ ಚಕ್ರಕ್ಕೆ ತಗಲುತ್ತದೆ. ಟೈರಿನಲ್ಲಿ ಗಾಳಿ ಕಡಿಮೆಯಿದ್ದರೆ ಈ ಅಪಾಯ ಮತ್ತಷ್ಟು ಹೆಚ್ಚು.

ಬಿರುಕಿನ ಲಕ್ಷಣಗಳು

1. ಟೈರಿನಲ್ಲಿ ಮೊಳೆ ಅಥವಾ ರಂಧ್ರವಿಲ್ಲದಿದ್ದರೂ ಎರಡು-ಮೂರು ದಿನಕ್ಕೊಮ್ಮೆ ಗಾಳಿ ಇಳಿಯುವುದು.
2. ನಿರ್ದಿಷ್ಟ ವೇಗದಲ್ಲಿ ಸ್ಟೇರಿಂಗ್ ಅದುರುವುದು. ಚಕ್ರಗಳ ಸಮತೋಲನ ಮಾಡಿಸಿದ ನಂತರವೂ ನಿಲ್ಲದಿರುವುದು.
3. ಚಕ್ರದ ಒಳಬದಿಯ ಅಂಚಿನಲ್ಲಿ, ಕಡ್ಡಿಗಳ ಬುಡದಲ್ಲಿ ಅಥವಾ ಬೋಲ್ಟ್ ರಂಧ್ರಗಳ ಸುತ್ತ ಕೂದಲೆಳೆಯಂತಹ ಗೆರೆ ಕಾಣುವುದು.

ಒಳಬದಿಯ ಬಿರುಕು ಹೊರಗಿನಿಂದ ಕಾಣುವುದಿಲ್ಲ. ಆದ್ದರಿಂದ ಚಕ್ರವನ್ನು ಬಿಚ್ಚಿಸಿ, ತೊಳೆಸಿ, ಗಾಳಿ ತುಂಬಿದ ಸ್ಥಿತಿಯಲ್ಲಿ ಸಾಬೂನು ನೀರು ಹಚ್ಚಿ ಪರೀಕ್ಷಿಸತಕ್ಕದ್ದು. ಗುಳ್ಳೆ ಏಳುವ ಸ್ಥಳದಲ್ಲಿ ಗಾಳಿ ಸೋರುತ್ತಿದೆಯೆಂದು ತಿಳಿಯಬೇಕು. ಆದರೆ ಕಡ್ಡಿಯಲ್ಲಿನ ಬಿರುಕಿನಿಂದ ಗಾಳಿ ಸೋರದಿರಬಹುದು. ಅದನ್ನು ಕಣ್ಣಿನಿಂದಲೇ ಹುಡುಕಬೇಕು.

ಗಾಳಿ ನಿಂತರೆ ಬಿರುಕು ವಾಸಿಯಾದಂತಲ್ಲ

ಟ್ಯೂಬ್‌ರಹಿತ ಟೈರಿನೊಳಗೆ ಟ್ಯೂಬ್ ಹಾಕಿಸುವುದು, ಸೋರಿಕೆ ತಡೆಯುವ ದ್ರಾವಣ ತುಂಬಿಸುವುದು, ಬಿರುಕಿಗೆ ಅಂಟು ಮೆತ್ತುವುದು ರೂಢಿಯಲ್ಲಿದೆ. ಇವುಗಳಿಂದ ಸೋರಿಕೆ ನಿಲ್ಲಬಹುದು, ಬಿರುಕು ನಿಲ್ಲುವುದಿಲ್ಲ. ವಾಸ್ತವವಾಗಿ ಸೋರಿಕೆಯೇ ಮಾಲೀಕರಿಗೆ ದೊರೆಯುವ ಮುನ್ನೆಚ್ಚರಿಕೆ. ಅದನ್ನು ಅಡಗಿಸಿದರೆ ಚಕ್ರದ ಪ್ರತಿ ಸುತ್ತಿಗೂ ಬಿರುಕು ಬೆಳೆಯುತ್ತಿದ್ದರೂ ಚಾಲಕರಿಗೆ ತಿಳಿಯುವುದಿಲ್ಲ. ಬೆಸುಗೆಯೂ ಸುರಕ್ಷಿತ ಪರಿಹಾರವಲ್ಲ. ಅನೇಕ ಅಲಾಯ್ ಚಕ್ರಗಳಿಗೆ ಬಲ ಬರುವುದು ಕಾರ್ಖಾನೆಯ ಉಷ್ಣ ಸಂಸ್ಕರಣೆಯಿಂದ. ಬೆಸುಗೆಯ ಕಾವಿಗೆ ಸುತ್ತಲಿನ ಲೋಹ ಆ ಬಲವನ್ನು ಕಳೆದುಕೊಳ್ಳುತ್ತದೆ. ಗೀರು ಬಿದ್ದ ಚಕ್ರಕ್ಕೆ ಬಣ್ಣ ಹಚ್ಚಿಸಬಹುದು. ಬಿರುಕು ಬಿಟ್ಟ ಚಕ್ರವನ್ನು ಬದಲಾಯಿಸುವುದೇ ಸೂಕ್ತ.

ಚಕ್ರ ಬದಲಾಯಿಸುವಾಗ

ಹೆಚ್ಚುವರಿ ಚಕ್ರವನ್ನು ಅಳವಡಿಸಿ ಸಮೀಪದ ಕಾರ್ಯಾಗಾರದವರೆಗೆ ನಿಧಾನವಾಗಿ ಸಾಗಬಹುದು. ಹೆಚ್ಚುವರಿ ಚಕ್ರ ಚಿಕ್ಕ ಅಳತೆಯದಾಗಿದ್ದಲ್ಲಿ ಅದರ ಮೇಲೆ ನಮೂದಿಸಿದ ವೇಗಮಿತಿಯನ್ನು ಮೀರಬಾರದು. ಹೊಸ ಚಕ್ರದ ವ್ಯಾಸ, ಅಗಲ, ಬೋಲ್ಟುಗಳ ಸಂಖ್ಯೆ ಮತ್ತು ಅಂತರ, ಮಧ್ಯದ ರಂಧ್ರ ಹಾಗೂ ಭಾರ ಹೊರುವ ಸಾಮರ್ಥ್ಯವು ತಯಾರಕರ ಕೈಪಿಡಿಗೆ ಹೊಂದಿಕೆಯಾಗಬೇಕು. ವೆಚ್ಚ ಭರಿಸಲಾಗದವರು ಅದೇ ಮಾದರಿಗೆ ತಯಾರಕರು ಸೂಚಿಸಿದ ಉಕ್ಕಿನ ಚಕ್ರ ಹಾಗೂ ಅದಕ್ಕೆ ತಕ್ಕ ಬೋಲ್ಟುಗಳನ್ನು ಬಳಸಬಹುದು. ಗುಜರಿಯಿಂದ ತಂದ ಹಳೆಯ ಚಕ್ರದ ಹಿಂದಿನ ಪೆಟ್ಟುಗಳು ತಿಳಿಯುವುದಿಲ್ಲವಾದ್ದರಿಂದ ಅದನ್ನು ಪರೀಕ್ಷಿಸದೆ ಅಳವಡಿಸಬಾರದು.

ಕಾನೂನು ಮತ್ತು ಅರ್ಜಿ

ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 52ರ ಪ್ರಕಾರ, ತಯಾರಕರು ನಿರ್ದಿಷ್ಟಪಡಿಸಿ ನೋಂದಣಿ ಪತ್ರದಲ್ಲಿ ದಾಖಲಾಗಿರುವ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ. ಸರ್ವೋಚ್ಚ ನ್ಯಾಯಾಲಯವು 2019ರಲ್ಲಿ ಇದನ್ನು ಎತ್ತಿಹಿಡಿದಿದೆ. ಆದ್ದರಿಂದ ಅಂದಕ್ಕಾಗಿ ದೊಡ್ಡ ಅಳತೆಯ ಚಕ್ರ ಹಾಕಿಸುವುದು ಸೂಕ್ತವಲ್ಲ. ದೋಷವಿದೆಯೆಂದು ತಿಳಿದೂ ಅಪಾಯಕಾರಿ ವಾಹನ ಚಲಾಯಿಸಿದಲ್ಲಿ ಕಲಂ 190ರಡಿ ದಂಡ ವಿಧಿಸಬಹುದಾಗಿದೆ. ಅದರಿಂದ ಅಪಘಾತವಾಗಿ ಗಾಯ ಅಥವಾ ಆಸ್ತಿಹಾನಿ ಉಂಟಾದಲ್ಲಿ ಕಾರಾವಾಸಕ್ಕೂ ಅವಕಾಶವಿದೆ.

ಖಾಸಗಿ ಕಾರಿನ ನೋಂದಣಿ 15 ವರ್ಷಗಳವರೆಗೆ ಮಾನ್ಯವಾಗಿರುತ್ತದೆ. ನವೀಕರಣಕ್ಕೆ ನಮೂನೆ 25ರಲ್ಲಿ, ಅವಧಿ ಮುಗಿಯುವ ಮುನ್ನ 60 ದಿನಗಳೊಳಗೆ ಅರ್ಜಿ ಸಲ್ಲಿಸತಕ್ಕದ್ದು. ಬಾಡಿಗೆ ಕಾರುಗಳು ನಿಗದಿತ ಅವಧಿಗೊಮ್ಮೆ ಅರ್ಹತಾ ಪತ್ರ ನವೀಕರಿಸಿಕೊಳ್ಳಬೇಕು. ಕೆಎ-33 ಸರಣಿಯ ವಾಹನ ಮಾಲೀಕರು ತಪಾಸಣೆಗೆ ಬರುವ ಮೊದಲೇ ನಾಲ್ಕೂ ಚಕ್ರಗಳ ಒಳಬದಿಯನ್ನು ಪರೀಕ್ಷಿಸಿಕೊಂಡಲ್ಲಿ ಮತ್ತೊಮ್ಮೆ ಅಲೆಯುವುದು ತಪ್ಪುತ್ತದೆ.

ವಿಮೆ

ಮೂರನೇ ವ್ಯಕ್ತಿಯ ವಿಮೆ ಮಾತ್ರ ಇದ್ದಲ್ಲಿ ಸ್ವಂತ ವಾಹನದ ಚಕ್ರಕ್ಕೆ ಪರಿಹಾರ ದೊರೆಯುವುದಿಲ್ಲ. ಸಮಗ್ರ ವಿಮೆಯಲ್ಲಿ ಅಪಘಾತದ ಹಾನಿಗೆ ಅವಕಾಶವಿದ್ದರೂ ಸಹಜ ಸವೆತಕ್ಕೆ ಇಲ್ಲ. ಆದುದರಿಂದ ಪೆಟ್ಟು ಬಿದ್ದ ಕೂಡಲೇ ಛಾಯಾಚಿತ್ರ ತೆಗೆದು, ದುರಸ್ತಿಗೆ ಮುನ್ನ ವಿಮಾ ಕಂಪನಿಗೆ ತಿಳಿಸತಕ್ಕದ್ದು.

ಗುಂಡಿಯ ಪೆಟ್ಟು ಜೋರಾಗಿ ಬಿದ್ದ ದಿನವೇ ಚಕ್ರವನ್ನು ಬಿಚ್ಚಿಸಿ ನೋಡುವುದು ಎಲ್ಲಕ್ಕಿಂತ ಕಡಿಮೆ ಖರ್ಚಿನ ಮುನ್ನೆಚ್ಚರಿಕೆಯಾಗಿದೆ.