ಪಂದ್ಯದ ಯಂತ್ರ ಊರ ರಸ್ತೆಗೆ ಬಂದಾಗ

ವಿಜಯಪುರದ ಜೋರಾಪುರ ಪೇಟೆಯಲ್ಲಿ ಮೋಟಾರು ಸೈಕಲ್ಲುಗಳ ದುರಸ್ತಿ ಕೆಲಸವನ್ನು ಕಲಿಯುತ್ತಿರುವ ತರುಣ ವಾಚಕರೊಬ್ಬರು ಕಳುಹಿಸಿರುವ ಪ್ರಶ್ನೆ ಚಿಕ್ಕದಾದರೂ ಅದರ ಬೇರು ಆಳಕ್ಕೆ ಇಳಿದಿದೆ: ಮೋಟೋಜಿಪಿ ಪಂದ್ಯದಲ್ಲಿ ಓಡುವ ಬೈಕಿಗೆ ದೀಪ, ಕನ್ನಡಿ, ಹಾರ್ನು, ನಂಬರು ಫಲಕಗಳನ್ನು ಜೋಡಿಸಿ, ಆರ್.ಟಿ.ಓ. ಕಚೇರಿಯಲ್ಲಿ ನೋಂದಣಿ ಮಾಡಿಸಿ, ತಿಕೋಟಾಕ್ಕೋ ಬಬಲೇಶ್ವರಕ್ಕೋ ಹೋಗಿಬರಲು ಸಾಧ್ಯವೆ? ರಾಷ್ಟ್ರಮಟ್ಟದ ಸೈಕಲ್ ಸವಾರರನ್ನು ದಶಕಗಳಿಂದಲೂ ಕೊಡುತ್ತ ಬಂದಿರುವ ಜಿಲ್ಲೆಯಿಂದ ಇಂತಹ ಪ್ರಶ್ನೆ ಹುಟ್ಟಿದುದು ಸಹಜವೇ ಸರಿ. ವೆಲೋಡ್ರೋಮಿನಲ್ಲಿ ಓಡಿಸುವ ಸೈಕಲ್ಲಿಗೆ ಬ್ರೇಕೂ ಇಲ್ಲ, ಫ್ರೀವೀಲೂ ಇಲ್ಲ, ಅದನ್ನು ಸಂತೆಯ ದಿನ ಬಜಾರಿನಲ್ಲಿ ನಡೆಸಲಾಗದು ಎಂಬುದನ್ನು ಅಲ್ಲಿಯ ಹುಡುಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಸಾಧ್ಯ ಎಂಬುದೇ ಉತ್ತರ. ಕನಿಷ್ಠ ಎರಡು ಸಂಸ್ಥೆಗಳು ಅದನ್ನು ಮಾಡಿ ತೋರಿಸಿವೆ. ಇಟಲಿಯ ಡುಕಾಟಿ ಸಂಸ್ಥೆ 2006ರಲ್ಲಿ ಮುಜೆಲ್ಲೋ ಪಂದ್ಯದ ಸಂದರ್ಭದಲ್ಲಿ ಡೆಸ್ಮೊಸೆಡಿಚಿ ಆರ್‌ಆರ್ ಎಂಬ 989 ಸಿಸಿಯ ಬೈಕನ್ನು ಪ್ರದರ್ಶಿಸಿ, ಮುಂದಿನ ಎರಡು ವರ್ಷಗಳಲ್ಲಿ 1500 ಪ್ರತಿಗಳನ್ನು ನಿರ್ಮಿಸಿತು. ಜಪಾನಿನ ಹೋಂಡಾ ಸಂಸ್ಥೆ, ಮಾರ್ಕ್ ಮಾರ್ಕೆಸ್ ಎಂಬ ಸ್ಪೇನಿನ ಸವಾರನಿಗೆ 2013 ಮತ್ತು 2014ರ ವಿಶ್ವವಿಜೇತ ಪದವಿಗಳನ್ನು ದೊರಕಿಸಿಕೊಟ್ಟ ಆರ್‌ಸಿ213ವಿ ಯಂತ್ರವನ್ನೇ ಆಧಾರವಾಗಿಟ್ಟುಕೊಂಡು, 2015ರ ಜೂನ್ ತಿಂಗಳಲ್ಲಿ ಆರ್‌ಸಿ213ವಿ-ಎಸ್ ಎಂಬ ರಸ್ತೆಯ ಬೈಕನ್ನು ಪ್ರಕಟಿಸಿತು. ಅದರ ಬೆಲೆ ಯುರೋಪಿನಲ್ಲಿ 1,88,000 ಯುರೋ, ಎಂದರೆ ಅಂದಿನ ವಿನಿಮಯದಲ್ಲಿ ಒಂದೂಕಾಲು ಕೋಟಿ ರೂಪಾಯಿಗೂ ಮಿಗಿಲು. ಕುಮಾಮೊಟೊ ಕಾರ್ಖಾನೆಯಲ್ಲಿ ನುರಿತ ಕೆಲಸಗಾರರು ಕೈಯಿಂದಲೇ ಜೋಡಿಸಿ ದಿನಕ್ಕೆ ಒಂದರಂತೆ ಅದನ್ನು ಸಿದ್ಧಪಡಿಸುತ್ತಿದ್ದರು.

ಇಲ್ಲಿ ಒಂದು ಭೇದವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಅವಶ್ಯ. ಬೈಕಿನ ಮೈಮೇಲೆ ಪಂದ್ಯದ ಬಣ್ಣವನ್ನೂ ಅಂಕಿಯನ್ನೂ ಬಳಿದು ‘ರೇಸ್‌ನಿಂದ ಬಂದದ್ದು’ ಎಂದು ಸಾರುವ ಜಾಹೀರಾತುಗಳು ಇಂದು ಹೇರಳವಾಗಿವೆ. ಅವುಗಳಲ್ಲಿ ಬಹುತೇಕ ಯಂತ್ರಗಳು ಮೊದಲು ರಸ್ತೆಗಾಗಿ ಹುಟ್ಟಿ ಅನಂತರ ಪಂದ್ಯದ ಕಣಕ್ಕೆ ಹೋದಂಥವು. ಹೊಸೂರಿನ ಟಿವಿಎಸ್ ಸಂಸ್ಥೆ 2017ರಲ್ಲಿ ಹೊರತಂದ ಅಪಾಚೆ ಆರ್‌ಆರ್ 310 ಬೈಕನ್ನು ಅದೇ ಸಂಸ್ಥೆಯವರು ಪಂದ್ಯಗಳಲ್ಲಿ ಓಡಿಸುತ್ತಿರುವುದು ಸಂತೋಷದ ಸಂಗತಿ, ಆದರೆ ಅಲ್ಲಿಯ ಪಯಣ ರಸ್ತೆಯಿಂದ ಕಣಕ್ಕೆ. ನಾವು ವಿಚಾರಿಸುತ್ತಿರುವುದು ಕಣದಿಂದ ರಸ್ತೆಗೆ ಬರುವ, ಅತ್ಯಂತ ವಿರಳವಾದ, ವಿಪರೀತ ಕಠಿಣವಾದ ಪಯಣವನ್ನು.

ಅದು ಕಠಿಣವಾದುದೇಕೆ? ಬಲವನ್ನು ಅಂಕೆಯಲ್ಲಿಡುವುದು ಕಷ್ಟವೆಂದು ಎಲ್ಲರೂ ಊಹಿಸುತ್ತಾರೆ. ಆದರೆ ಬಲವನ್ನು ಕುಗ್ಗಿಸುವಷ್ಟು ಸುಲಭವಾದ ಕೆಲಸ ಮತ್ತೊಂದಿಲ್ಲ. ಎಂಜಿನ್ನನ್ನು ಆಳುವ ಗಣಕದಲ್ಲಿ ಕೆಲವು ಅಂಕಿಗಳನ್ನು ಬದಲಿಸಿದರೆ ಆಯಿತು. ಹೋಂಡಾದ ಈ ಒಂದೇ ಬೈಕು ಯುರೋಪಿನಲ್ಲಿ ನಿಮಿಷಕ್ಕೆ 11,000 ಸುತ್ತುಗಳ ವೇಗದಲ್ಲಿ 159 ಅಶ್ವಶಕ್ತಿಯನ್ನೂ, ಅಮೆರಿಕದಲ್ಲಿ 8,000 ಸುತ್ತುಗಳಲ್ಲಿ 101 ಅಶ್ವಶಕ್ತಿಯನ್ನೂ, ತನ್ನ ತವರಾದ ಜಪಾನಿನಲ್ಲಿ 6,000 ಸುತ್ತುಗಳಲ್ಲಿ ಕೇವಲ 70 ಅಶ್ವಶಕ್ತಿಯನ್ನೂ ಕೊಡುವಂತೆ, ಆಯಾ ದೇಶದ ಕಾನೂನನ್ನು ಅನುಸರಿಸಿ ಮಾರಾಟವಾಯಿತು. ರಸ್ತೆಗೆ ಸಲ್ಲದ, ಪಂದ್ಯದ ಕಣಕ್ಕೆ ಮಾತ್ರ ಮೀಸಲಾದ ಹೆಚ್ಚುವರಿ ಭಾಗಗಳನ್ನು ಕೂಡಿಸಿದಾಗ ಅದೇ ಎಂಜಿನ್ನು 13,000 ಸುತ್ತುಗಳಲ್ಲಿ 215ಕ್ಕೂ ಹೆಚ್ಚು ಅಶ್ವಶಕ್ತಿಯನ್ನು ಹೊಮ್ಮಿಸುತ್ತಿತ್ತು. ಲೋಹ ಒಂದೇ, ಸಿಲಿಂಡರುಗಳು ಅವೇ ನಾಲ್ಕು. ಜಪಾನಿನ ಶಬ್ದಮಿತಿಯ ಶಾಸನವೊಂದು ಅದರ ಬಲದ ಮೂರನೆಯ ಎರಡು ಭಾಗವನ್ನು ನುಂಗಬಲ್ಲುದೆಂಬುದು ನನ್ನ ಮಟ್ಟಿಗೆ ಈ ಯಂತ್ರದ ಕಥೆಯಲ್ಲಿ ಅತ್ಯಂತ ವಿಸ್ಮಯಕರವಾದ ಅಂಶ.

ನಿಜವಾದ ಕಾಠಿಣ್ಯ ಬೇರೆಡೆ ಇದೆ. ಪಂದ್ಯದ ಯಂತ್ರ ಒಂಟಿಯಾಗಿ ಬದುಕಲಾರದು. ಅದಕ್ಕೆ ಸೆಲ್ಫ್ ಇಲ್ಲ, ಕಿಕ್ ಇಲ್ಲ. ಹಿಂಗಾಲಿಗೆ ಹೊರಗಿನಿಂದ ಒಂದು ಯಂತ್ರದ ರೋಲರನ್ನು ತಾಗಿಸಿ ತಿರುಗಿಸಿ ಎಂಜಿನ್ನನ್ನು ಎಬ್ಬಿಸಬೇಕು. ಅದರ ಟೈರುಗಳಿಗೆ ವಿದ್ಯುತ್ ಕಂಬಳಿಯನ್ನು ಹೊದಿಸಿ ಮೊದಲೇ ಬಿಸಿ ಮಾಡಿರಬೇಕು, ಇಲ್ಲದಿದ್ದರೆ ಅವು ನೆಲವನ್ನು ಹಿಡಿಯುವುದಿಲ್ಲ. ಇಂಗಾಲದಿಂದ ಮಾಡಿದ ಅದರ ಬ್ರೇಕಿನ ಬಿಲ್ಲೆಗಳು ಸುಮಾರು 250 ಡಿಗ್ರಿ ಸೆಂಟಿಗ್ರೇಡಿಗಿಂತ ತಣ್ಣಗಿರುವಾಗ ಅಲ್ಪವನ್ನೇ ತಡೆಯುತ್ತವೆ; ಗಂಟೆಗೆ 300 ಕಿ.ಮೀ.ಗೂ ಮೀರಿದ ವೇಗದಿಂದ ಒತ್ತಿದಾಗ ಅದ್ಭುತವಾಗಿ ಕೆಲಸ ಮಾಡುವ ಈ ಬ್ರೇಕು, ದ್ರಾಕ್ಷಿಯ ಗಾಡಿಯೊಂದು ಓಣಿಯಿಂದ ಥಟ್ಟನೆ ಅಡ್ಡ ಬಂದಾಗ ನಿಷ್ಪ್ರಯೋಜಕವಾಗುತ್ತದೆ. ಆದ್ದರಿಂದ ಹೋಂಡಾದವರು ಇಂಗಾಲವನ್ನು ಬಿಟ್ಟು ಉಕ್ಕಿನ ಬಿಲ್ಲೆಗಳನ್ನು ಜೋಡಿಸಿದರು. ಪಂದ್ಯದಲ್ಲಿ ಹ್ಯಾಂಡಲನ್ನು ಎಡಬಲಗಳಿಗೆ 15 ಡಿಗ್ರಿಯಷ್ಟು ತಿರುಗಿಸಿದರೆ ಸಾಕಾಗುತ್ತಿದ್ದುದನ್ನು, ಮನೆಯ ಅಂಗಳದಲ್ಲಿ ಬೈಕನ್ನು ಹೊರಳಿಸುವ ಸಾಮಾನ್ಯ ಅಗತ್ಯಕ್ಕಾಗಿ 26 ಡಿಗ್ರಿಗೆ ಹೆಚ್ಚಿಸಿದರು. ಒಂದು ಗೇರಿನಿಂದ ಇನ್ನೊಂದಕ್ಕೆ ಬಲದ ಹರಿವು ಕಡಿಯದಂತೆ ದಾಟಿಸುವ ಪಂದ್ಯದ ಗೇರುಪೆಟ್ಟಿಗೆಯನ್ನು ತಜ್ಞರು ಮತ್ತೆಮತ್ತೆ ಬಿಚ್ಚಿ ಪರೀಕ್ಷಿಸುತ್ತಲೇ ಇರಬೇಕಾದುದರಿಂದ ಅದನ್ನೂ ಕೈಬಿಟ್ಟರು. ಇವೆಲ್ಲವುಗಳಿಗಿಂತ ದೊಡ್ಡ ತ್ಯಾಗವೊಂದು ಎಂಜಿನ್ನಿನ ಒಳಗೆ, ಕವಾಟಗಳ ಬಳಿ ನಡೆಯಿತು. ಅದನ್ನು ತುಸು ವಿಸ್ತಾರವಾಗಿಯೇ ಹೇಳಬೇಕು.

ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಪ್ರತಿಯೊಂದು ಕವಾಟ, ಎಂದರೆ ನಮ್ಮ ಮೇಸ್ತ್ರಿಗಳು ‘ವಾಲ್ವು’ ಎನ್ನುವ ಅಂಗ, ಎರಡು ಸುತ್ತಿಗೊಮ್ಮೆ ತೆರೆದು ಮುಚ್ಚಿಕೊಳ್ಳುತ್ತದೆ. ನಿಮಿಷಕ್ಕೆ 18,000 ಸುತ್ತುಗಳಾದರೆ ಸೆಕೆಂಡಿಗೆ 150 ಸಲ. ತೆರೆಯುವ ಕೆಲಸ ಕ್ಯಾಮು ಎಂಬ ತಿರುಗುವ ಉಬ್ಬಿನದು, ಮುಚ್ಚುವ ಕೆಲಸ ಉಕ್ಕಿನ ಸುರುಳಿ ಸ್ಪ್ರಿಂಗಿನದು. ಸ್ಪ್ರಿಂಗಿಗೆ ತನ್ನದೇ ಆದ ತೂಕವಿದೆ; ಆದುದರಿಂದ ಅದಕ್ಕೆ ತನ್ನದೇ ಆದ ಒಂದು ತಾಳವೂ ಉಂಟು, ಮತ್ತು ಸಂಕಟವೆಲ್ಲ ಹುಟ್ಟುವುದು ಈ ತಾಳದಿಂದ. ನಾಗರಪಂಚಮಿಯಂದು ಬೇವಿನ ಕೊಂಬೆಗೆ ಜೋಕಾಲಿ ಕಟ್ಟಿ ಜೀಕುವುದನ್ನು ನಮ್ಮ ಸೀಮೆಯಲ್ಲಿ ಕಾಣದವರಿಲ್ಲ: ಜೋಕಾಲಿ ಹಿಂದಕ್ಕೆ ಬಂದು ತಿರುಗುವ ಸರಿಯಾದ ಗಳಿಗೆಯಲ್ಲಿ ಒಂದು ಮಗು ಬೆರಳಿನಿಂದ ನೂಕಿದರೂ, ಆ ಸಣ್ಣ ನೂಕುಗಳೆಲ್ಲ ಒಂದರ ಮೇಲೊಂದು ಕೂಡಿ ಅದು ಕೊಂಬೆಯ ಎತ್ತರಕ್ಕೆ ಏರುತ್ತದೆ, ಗಳಿಗೆ ತಪ್ಪಿ ನೂಕಿದರೆ ಗಟ್ಟಿ ಆಳಿನ ಬಲವೂ ವ್ಯರ್ಥವಾಗಿ ಜೋಕಾಲಿಯೇ ನಿಲ್ಲುತ್ತದೆ. ಹಗ್ಗ ಗಿಡ್ಡವಾದಷ್ಟೂ ಅದರ ತಾಳ ತ್ವರಿತವಾಗುತ್ತದೆ, ಉದ್ದವಾದಷ್ಟೂ ವಿಳಂಬವಾಗುತ್ತದೆ. ನೂಕುವವನು ಎಷ್ಟೇ ಅವಸರಪಟ್ಟರೂ ಜೋಕಾಲಿ ತನ್ನ ತಾಳವನ್ನು ಬಿಟ್ಟುಕೊಡುವುದಿಲ್ಲ. ಕವಾಟದ ಸ್ಪ್ರಿಂಗಿನ ನಡುವಣ ಸುರುಳಿಗಳು ಇಂತಹ ಜೋಕಾಲಿಗಳೇ. ಕ್ಯಾಮಿನ ನೂಕುಗಳು ಅವುಗಳ ತಾಳಕ್ಕೆ ಹೊಂದಿಕೊಂಡ ಒಂದು ವೇಗದಲ್ಲಿ ಅವು ತಮ್ಮ ಪಾಡಿಗೆ ತಾವು ಜೀಕತೊಡಗಿ, ಕವಾಟವನ್ನು ಮುಚ್ಚಬೇಕೆಂಬ ತಮ್ಮ ಕರ್ತವ್ಯವನ್ನು ಮರೆಯುತ್ತವೆ; ಕವಾಟ ತೇಲುತ್ತ ಉಳಿದು, ಮೇಲೇರಿ ಬರುವ ಪಿಸ್ಟನ್ನಿಗೆ ಸಿಕ್ಕಿ ಬಾಗುತ್ತದೆ. ಸ್ಪ್ರಿಂಗನ್ನು ಬಿಗಿ ಮಾಡಿದರೆ ತಾಳ ತ್ವರಿತವಾಗುವುದು ನಿಜ, ಆದರೆ ಘರ್ಷಣೆಯೂ ತೂಕವೂ ಹೆಚ್ಚಿ, ಉಕ್ಕು ಬಳಲಿ ತುಂಡಾಗುವ ಭಯ ಎದುರಾಗುತ್ತದೆ.

ಈ ಬಂಧನದಿಂದ ಪಾರಾಗುವ ಉಪಾಯವನ್ನು ಮೋಟಾರು ಕಾರುಗಳ ಪಂದ್ಯದಲ್ಲಿ ಫ್ರಾನ್ಸಿನ ರೆನೋ ಸಂಸ್ಥೆಯ ಎಂಜಿನಿಯರ್ ಜ್ಯಾನ್-ಪಿಯೆರ್ ಬೂದಿ ರೂಪಿಸಿದರು. 1986ರಲ್ಲಿ ಐರ್ಟನ್ ಸೆನ್ನಾ ಓಡಿಸಿದ ಲೋಟಸ್ ಕಾರಿನ ಎಂಜಿನ್ನಿನಲ್ಲಿ ಅದು ಕಣಕ್ಕೆ ಇಳಿಯಿತು. ಸ್ಪ್ರಿಂಗನ್ನೇ ತೆಗೆದುಹಾಕಿ, ಪ್ರತಿ ಕವಾಟದ ದಂಡದ ಸುತ್ತ ಒತ್ತಡದ ಅನಿಲ ತುಂಬಿದ ಪುಟ್ಟ ಕೋಣೆಯೊಂದನ್ನು ಇಡುವುದೇ ಆ ಉಪಾಯ. ಅನಿಲಕ್ಕೂ ಹಿಗ್ಗುವ ಕುಗ್ಗುವ ಗುಣವಿದೆ, ಆದರೆ ಅದರ ತೂಕ ಗಣನೆಗೆ ಬಾರದಷ್ಟು ಅಲ್ಪವಾದುದರಿಂದ ಅದರ ತಾಳ ಎಂಜಿನ್ನಿನ ಯಾವ ವೇಗಕ್ಕೂ ಸಿಲುಕುವುದಿಲ್ಲ. ಬೈಕುಗಳಲ್ಲಿ ಅಪ್ರಿಲಿಯಾ 2002ರಲ್ಲಿಯೇ ಇದನ್ನು ಪ್ರಯೋಗಿಸಿತು. ಹೋಂಡಾ 2008ರಲ್ಲಿ ಅಳವಡಿಸಿಕೊಂಡಿತು. ಆದರೆ ಅನಿಲ ಸೋರುತ್ತದೆ. ಪಂದ್ಯದಲ್ಲಿ ಆ ಸೋರಿಕೆಯನ್ನು ಸಣ್ಣ ಸಿಲಿಂಡರಿನಿಂದ ತುಂಬಿಸುತ್ತಲೇ ಇರುತ್ತಾರೆ, ಪಂದ್ಯ ಮುಗಿದೊಡನೆ ಪರಿಚಾರಕರು ನೋಡಿಕೊಳ್ಳುತ್ತಾರೆ. ಮನೆಯ ಪಡಸಾಲೆಯಲ್ಲಿ ತಿಂಗಳುಗಟ್ಟಲೆ ನಿಂತ ಬೈಕನ್ನು ಯಾರು ನೋಡಿಕೊಳ್ಳಬೇಕು? ಒತ್ತಡ ಇಳಿದ ಎಂಜಿನ್ನನ್ನು ಸವಾರ ಅರಿಯದೆ ಚಾಲೂ ಮಾಡಿದರೆ ಕವಾಟಗಳೆಲ್ಲ ಪಿಸ್ಟನ್ನಿನ ಮೇಲೆ ಬಿದ್ದು ಲಕ್ಷಾಂತರ ರೂಪಾಯಿಗಳ ನಷ್ಟವಾದೀತು. ಹೋಂಡಾದ ರಸ್ತೆ ಬೈಕಿಗೆ ಮತ್ತೆ ಉಕ್ಕಿನ ಸುರುಳಿಗಳೇ ಬಂದುದು ಈ ಕಾರಣದಿಂದ, ಅದರ ಎಂಜಿನ್ನು ಸುತ್ತುವ ಉಚ್ಚತಮ ವೇಗ ಪಂದ್ಯದ ಅಣ್ಣನಿಗಿಂತ ಬಹಳಷ್ಟು ತಗ್ಗಿದುದೂ ಈ ಕಾರಣದಿಂದ.

ಡುಕಾಟಿಗೆ ಮಾತ್ರ ಈ ತ್ಯಾಗ ಬೇಕಾಗಲಿಲ್ಲ. ಕವಾಟವನ್ನು ತೆರೆಯಲು ಒಂದು ಕ್ಯಾಮು, ಮುಚ್ಚಲು ಮತ್ತೊಂದು ಕ್ಯಾಮು, ಎರಡು ಕಾರ್ಯಗಳಿಗೂ ಲೋಹದ ಸನ್ನೆಗಳು. ಸ್ಪ್ರಿಂಗಿನ ತಾಳಕ್ಕೆ ಅಲ್ಲಿ ಎಡೆಯೇ ಇಲ್ಲ. ಡೆಸ್ಮೊಡ್ರೋಮಿಕ್ ಎಂಬ ಈ ವಿಧಾನ ಹೊಸದಲ್ಲ: 1914ರ ಡೆಲಾಜ್ ಪಂದ್ಯದ ಕಾರಿನಲ್ಲಿ ಅದು ಇತ್ತು, 1954ರಲ್ಲಿ ಫಾಂಜಿಯೋ ಓಡಿಸಿದ ಮರ್ಸಿಡಿಸ್ ಕಾರಿನಲ್ಲಿಯೂ ಇತ್ತು. ಇತರರು ಕಷ್ಟಸಾಧ್ಯವೆಂದು ತೊರೆದ ಈ ವಿಚಾರವನ್ನು ಫಾಬಿಯೋ ತಲ್ಯೋನಿ ಎಂಬ ಡುಕಾಟಿಯ ಎಂಜಿನಿಯರರು ಹಿಡಿದು ಬಿಡದೆ ಸಾಧಿಸಿ, 1956ರಲ್ಲಿ ಸ್ವೀಡನ್ನಿನ ಪಂದ್ಯವನ್ನು 125 ಸಿಸಿಯ ಬೈಕಿನಿಂದ ಗೆದ್ದು ತೋರಿಸಿದರು. 1968ರ ಹೊತ್ತಿಗೆ ಅದನ್ನು ಸಾಮಾನ್ಯ ಗ್ರಾಹಕರ ಬೈಕಿನಲ್ಲಿಯೂ ಇಟ್ಟರು. ಲೋಹದ ಸನ್ನೆ ಸೋರುವುದಿಲ್ಲ. ಕಾಲಕಾಲಕ್ಕೆ ಸಂದುಗಳನ್ನು ಅಳೆದು ಸರಿಪಡಿಸಿದರೆ ಅದು ಪಡಸಾಲೆಯಲ್ಲಿ ನಿಂತೂ ಬಾಳುತ್ತದೆ. ಆದುದರಿಂದಲೇ ಡೆಸ್ಮೊಸೆಡಿಚಿ ಆರ್‌ಆರ್ ನಿಮಿಷಕ್ಕೆ 13,800 ಸುತ್ತುಗಳಲ್ಲಿ 200 ಅಶ್ವಶಕ್ತಿಯನ್ನು ಕೊಡಬಲ್ಲುದಾಯಿತು. ಬೂದಿ, ತಲ್ಯೋನಿ ಈ ಇಬ್ಬರಲ್ಲಿ ಯಾರ ಮಾರ್ಗ ಶ್ರೇಷ್ಠವೆಂದು ಕೇಳಿದರೆ ನನ್ನ ಮನಸ್ಸು ತಲ್ಯೋನಿಯವರ ಕಡೆಗೆ ವಾಲುತ್ತದೆ: ಪಂದ್ಯಕ್ಕೂ ಮನೆಗೂ ಒಂದೇ ಉತ್ತರವನ್ನು ಕಂಡುಹಿಡಿದವರು ಅವರು.

ನಮ್ಮ ನಾಡಿನ ಸಂಬಂಧ ಇದರಲ್ಲಿ ಇಲ್ಲವೆಂದು ವಾಚಕರು ಬೇಸರಪಡಬೇಕಾಗಿಲ್ಲ. 1983ರಿಂದ ಎಸ್ಕಾರ್ಟ್ಸ್ ಸಂಸ್ಥೆ ಭಾರತದಲ್ಲಿ ತಯಾರಿಸಿದ ಎರಡು ಹೊಡೆತದ ರಾಜದೂತ್ 350 ಬೈಕು ಕರ್ನಾಟಕದ ರಸ್ತೆಗಳಲ್ಲಿ ಸಾಕಷ್ಟು ಓಡಿತು. ಅದಕ್ಕೆ ಆಧಾರವಾದ ಯಮಹಾದ ಮೂಲ ಯಂತ್ರ ಕೊಡುತ್ತಿದ್ದ 39 ಅಶ್ವಶಕ್ತಿ ಇಲ್ಲಿ 30.5ಕ್ಕೂ, ಇನ್ನೊಂದು ಮಾದರಿಯಲ್ಲಿ 27ಕ್ಕೂ ಇಳಿದುದಲ್ಲದೆ ಮುಂದಿನ ಡಿಸ್ಕ್ ಬ್ರೇಕಿನ ಸ್ಥಾನಕ್ಕೆ ಡ್ರಮ್ ಬಂದಿತು. ಬಲವನ್ನು ತಗ್ಗಿಸಿದುದು ಕ್ಷಮ್ಯ, ಬ್ರೇಕನ್ನು ತಗ್ಗಿಸಬಾರದಿತ್ತು. ಇದಕ್ಕಿಂತ ಸನಿಹದ ನಿದರ್ಶನವೂ ಒಂದಿದೆ. ಬೆಂಗಳೂರಿನ ಸಿ. ಎಸ್. ಸಂತೋಷ್ 2015ರಲ್ಲಿ ದಕ್ಷಿಣ ಅಮೆರಿಕದ ಡಕಾರ್ ರ್‍ಯಾಲಿಯನ್ನು 36ನೆಯ ಸ್ಥಾನದಲ್ಲಿ ಪೂರೈಸಿ, ಅದನ್ನು ಮುಗಿಸಿದ ಮೊದಲ ಭಾರತೀಯರೆನಿಸಿದರು. ಅವರು ಸವಾರಿ ಮಾಡಿದ ಕೆಟಿಎಂ 450 ಪಂದ್ಯದ ಅತ್ಯುನ್ನತ ಶ್ರೇಣಿಯ ಯಂತ್ರವಾಗಿದ್ದೂ ದೀಪ, ನಂಬರು ಫಲಕಗಳನ್ನು ಹೊತ್ತಿರಲೇಬೇಕಾಗಿತ್ತು. ಏಕೆಂದರೆ ಒಂದು ಪಂದ್ಯಭಾಗದಿಂದ ಇನ್ನೊಂದಕ್ಕೆ ಹೋಗುವ ನೂರಾರು ಕಿಲೋಮೀಟರು ದಾರಿ ಸಾರ್ವಜನಿಕ ರಸ್ತೆಯೇ ಆಗಿದ್ದು, ಅಲ್ಲಿ ಆ ದೇಶದ ಸಂಚಾರ ನಿಯಮವೇ ಸವಾರನನ್ನು ಆಳುತ್ತದೆ. ಮರುಭೂಮಿಯ ನಡುವೆ ಪರಿಚಾರಕರು ದೊರೆಯುವುದಿಲ್ಲವಾದ್ದರಿಂದ ಆ ಬೈಕು ಹುಟ್ಟುವಾಗಲೇ ಒಂಟಿಯಾಗಿ ಬದುಕುವುದನ್ನು ಕಲಿತೇ ಹುಟ್ಟುತ್ತದೆ.

ಹಾಗಾದರೆ ಮೋಟೋಜಿಪಿಯಿಂದ ಜೋರಾಪುರ ಪೇಟೆಯ ಗ್ಯಾರೇಜಿನವರೆಗೆ ಇಳಿದು ಬರುವುದಾದರೂ ಏನು? ಕೋಟಿ ರೂಪಾಯಿಯ ಯಂತ್ರವಂತೂ ಬರುವುದಿಲ್ಲ, ಬರುವುದು ಅಳತೆ. 2012ರಿಂದ ಮೋಟೋಜಿಪಿ ನಿಯಮಾವಳಿಯಲ್ಲಿ 1000 ಸಿಸಿ, ನಾಲ್ಕು ಸಿಲಿಂಡರು, ಸಿಲಿಂಡರಿನ ವ್ಯಾಸ 81 ಮಿ.ಮೀ.ಗೆ ಮೀರಬಾರದು ಎಂಬ ಮಿತಿ ಇದೆ. ಲೆಕ್ಕ ಹಾಕಿದರೆ ಪಿಸ್ಟನ್ನು ಚಲಿಸುವ ದೂರ ಸುಮಾರು 48.5 ಮಿ.ಮೀ. ಆಗಲೇಬೇಕು, 13,000 ಸುತ್ತುಗಳಲ್ಲಿ ಆ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 21 ಮೀಟರು. ಪಂದ್ಯದಲ್ಲಿ ವರ್ಷಾನುಗಟ್ಟಲೆ ಪಳಗಿದ ಈ ಅಳತೆಯಲ್ಲಿ ದಹನ ಹೇಗೆ ನಡೆಯುತ್ತದೆ, ಶಾಖ ಎಲ್ಲಿ ಸೇರುತ್ತದೆ, ಲೋಹ ಎಲ್ಲಿ ಬಳಲುತ್ತದೆ ಎಂಬುದೆಲ್ಲ ಎಂಜಿನಿಯರುಗಳಿಗೆ ಕರತಲಾಮಲಕವಾಗಿರುವಾಗ ಅದನ್ನೇ ಬೇರೆಡೆಯೂ ಬಳಸುವುದು ಸ್ವಾಭಾವಿಕ. ಡುಕಾಟಿಯ 2018ರ ಪಾನಿಗಾಲೆ ವಿ4 ಬೈಕಿನ ವ್ಯಾಸ 81 ಮಿ.ಮೀ.; ಹೋಂಡಾದ 2020ರ ಫೈರ್‌ಬ್ಲೇಡ್ ಬೈಕಿನ ವ್ಯಾಸ 81, ಚಲನದೂರ 48.5, ಆರ್‌ಸಿ213ವಿ-ಎಸ್‌ನದನ್ನು ಮಿಲಿಮೀಟರಿಗೆ ಮಿಲಿಮೀಟರು ಹೋಲುವಂಥದು, ಬೆಲೆಯಲ್ಲಿ ಮಾತ್ರ ಅದರ ಒಂದು ಸಣ್ಣ ಭಾಗ. 2027ರಿಂದ ಮೋಟೋಜಿಪಿ ಎಂಜಿನ್ನು 850 ಸಿಸಿಗೂ, ವ್ಯಾಸದ ಮಿತಿ 75 ಮಿ.ಮೀ.ಗೂ ಇಳಿಯುವುದೆಂದು ನಿಯಮಾವಳಿ ನಿಗದಿಪಡಿಸಿದೆ. ಅನಂತರದ ವರ್ಷಗಳಲ್ಲಿ ಅಂಗಡಿಗೆ ಬರುವ ದೊಡ್ಡ ಬೈಕುಗಳ ಸಿಲಿಂಡರನ್ನು ಬಿಚ್ಚಿದಾಗ ಅದರ ವ್ಯಾಸವನ್ನು ಮರೆಯದೆ ಅಳೆದು ನೋಡಬೇಕೆಂದು ಪ್ರಶ್ನೆ ಕೇಳಿದ ತರುಣ ಮಿತ್ರರಲ್ಲಿ ನನ್ನ ವಿನಂತಿ.